ಇವತ್ತು ಕಾಲು ಇಲ್ಲ

ಹುಕ್ರಪ್ಪ ಕುಡುಕನೆಂದು ಒಂಬತ್ತು ಮಂದಿ ಬರೆದಿದ್ದರು.

ಒಂಬತ್ತು ಫೈಲು. ಒಂಬತ್ತು ಕೈಬರಹ. ಒಬ್ಬನೇ ಕುಡುಕ. ಎಂ.ಎಸ್ಸಿ. ನರ್ಸಿಂಗ್ ಮೊದಲ ವರ್ಷದವರ ಕೇಸ್ ಸ್ಟಡಿಗಳು ಅವು. ರೋಗಿಯ ಮನೆಗೆ ಹೋಗಬೇಕು, ಕಾಯಿಲೆ ನೋಡಬೇಕು, ಆರೈಕೆ ಮಾಡಬೇಕು, ಏನಾಯಿತೆಂದು ಇಂಗ್ಲಿಷಿನಲ್ಲಿ ಬರೆದು ಒಪ್ಪಿಸಬೇಕು. ಅದಕ್ಕೆ ಮಾರ್ಕು. ಮಾರ್ಕು ಹಾಕಬೇಕಾದವಳು ಮೋಹಿನಿ.

ಮೋಹಿನಿ ಮೂಡುಬಿದಿರೆಯ ಹೊರಗೆ ಗುಡ್ಡದ ಮೇಲಿರುವ ಆ ಖಾಸಗಿ ಕಾಲೇಜಿಗೆ ಲೆಕ್ಚರರ್ ಆಗಿ ಸೇರಿದ್ದು ಜೂನಿನಲ್ಲಿ. ಮನೆ ಪುಂಜಾಲಕಟ್ಟೆಯ ಹತ್ತಿರದ ಎಸ್ಸಿ ಕಾಲೊನಿ. ಅವಳ ಅಮ್ಮ ಬಂಟ್ವಾಳದ ಒಂದು ಆಸ್ಪತ್ರೆಯಲ್ಲಿ ಬೆಡ್‌ಪ್ಯಾನ್ ತೊಳೆಯುತ್ತಿದ್ದಳು. ವಾರ್ಡಿನ ನಡುವೆ ನಿಂತ ಬಿಳಿ ಬಟ್ಟೆಯವರನ್ನು ಮಗಳಿಗೆ ತೋರಿಸಿ, "ನೀನು ಅಲ್ಲಿ ನಿಲ್ಲಬೇಕು" ಎಂದಿದ್ದಳು. ಮಗಳು ಅಲ್ಲಿ ನಿಂತಳು. ಈಗ ಅಲ್ಲಿ ನಿಲ್ಲುವವರಿಗೆ ಪಾಠ ಹೇಳುತ್ತಾಳೆ. ಸ್ಟಾಫ್ ರೂಮಿನಲ್ಲಿ ವಿಭಾಗದ ಮುಖ್ಯಸ್ಥೆ ಶಶಿಪ್ರಭಾ ಮೇಡಂ ಮನೆಯಿಂದ ತಂದ ಪತ್ರೊಡೆ ಎಲ್ಲರಿಗೂ ಹಂಚುತ್ತಾರೆ. ಮೋಹಿನಿಯ ಮೇಜಿನ ಹತ್ತಿರ ಬಂದಾಗ ಡಬ್ಬಿಯ ಮುಚ್ಚಳ ಹಾಕಿಕೊಳ್ಳುತ್ತದೆ. "ನಿಮಗೆ ಆಗ್ತದೋ ಇಲ್ವೋ" ಎನ್ನುತ್ತಾರೆ ಮೇಡಂ. ಮೋಹಿನಿಗೆ ಪತ್ರೊಡೆ ಬಹಳ ಆಗುತ್ತದೆ. ಅದನ್ನು ಯಾರೂ ಕೇಳಲಿಲ್ಲ.

ಫೈಲುಗಳ ಕಟ್ಟು ಕೊಟ್ಟವರೂ ಅವರೇ.

"ಎಲ್ಲ ಒಂದೇ ಥರ ಇರ್ತದೆ ಮೋಹಿನಿ. ತುಂಬ ಓದ್ಲಿಕ್ಕೆ ಹೋಗ್ಬೇಡಿ. ಎಂಬತ್ತರ ಆಚೆ ಈಚೆ ಹಾಕಿ. ನವ್ಯಾಗೆ ಸ್ವಲ್ಪ ನೋಡಿಕೊಂಡು ಹಾಕಿ."

ನವ್ಯಾ ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿ ಕಮಲಾಕ್ಷರ ತಮ್ಮನ ಮಗಳು. ನೋಡಿಕೊಂಡು ಹಾಕುವುದೆಂದರೆ ಏನೆಂದು ಗುಡ್ಡದ ಕಾಗೆಗೂ ಗೊತ್ತು.

ಮೋಹಿನಿ ಓದಲಿಕ್ಕೆ ಹೋದಳು. ಒಂಬತ್ತು ಮಂದಿಯೂ ಒಬ್ಬಳೇ ರೋಗಿಯನ್ನು ಹಿಡಿದಿದ್ದರು. ಪಾಲೆಗುಡ್ಡೆ ಎಸ್ಸಿ ಕಾಲೊನಿಯ ದಮಯಂತಿ. ರಸ್ತೆಯಿಂದ ಮೊದಲನೆಯ ಮನೆ, ಕಾಲೇಜು ಬಸ್ಸು ಅದರೆದುರೇ ನಿಲ್ಲುತ್ತದೆ. ಬಲಗಾಲಿನ ಹರಡುಗಂಟಿನ ಮೇಲೆ ವಾಸಿಯಾಗದ ಹುಣ್ಣು, ನಾಲ್ಕು ಸೆಂಟಿಮೀಟರ್. ಗಂಡ ಹುಕ್ರಪ್ಪ, ತೆಂಗಿನಕಾಯಿ ಕೀಳುವವನು, ಮದ್ಯವ್ಯಸನಿ. ವೈಯಕ್ತಿಕ ಸ್ವಚ್ಛತೆ ಕಳಪೆ. ರೋಗಿಯ ಸಹಕಾರ ಉತ್ತಮ. ಸರ್ಜನ್ ಬಳಿಗೆ ಕಳುಹಿಸತಕ್ಕದ್ದು. ಗುರಿ ಭಾಗಶಃ ಸಾಧಿಸಲಾಗಿದೆ.

ಅವಳು ಕಪಾಟು ತೆರೆದು ಹೋದ ವರ್ಷದ ಫೈಲುಗಳನ್ನು ನೋಡಿದಳು. ಆಗಲೂ ನಾಲ್ಕು ಸೆಂಟಿಮೀಟರ್. ಆಗಲೂ ಕುಡುಕ. ಆಗಲೂ ಗುರಿ ಭಾಗಶಃ. ಅದರ ಹಿಂದಿನ ವರ್ಷದ್ದೂ ಹಾಗೆಯೇ. ಬರೆದವರೆಲ್ಲ ಬಿ.ಎಸ್ಸಿ. ಮುಗಿಸಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಬಂದವರು. ಗಾಯ ನೋಡಿದರೆ ತಿಳಿಯದವರಲ್ಲ. ಸರಿಯಾಗಿ ನೋಡಿರಲಿಲ್ಲ, ಅಷ್ಟೇ.

ಪಾಲೆಗುಡ್ಡೆ ಅವಳ ಬಸ್ಸಿನ ದಾರಿಯಲ್ಲೇ ಸಿಗುತ್ತದೆ, ಗುರುವಾಯನಕೆರೆಗೆ ಮುಟ್ಟುವ ಮೊದಲು. ಆ ಸಂಜೆ ಅವಳು ಅಲ್ಲಿ ಇಳಿದಳು. ಕೈಯಲ್ಲಿ ಒಂದು ಫೈಲು ಇತ್ತು.

ದಮಯಂತಿ ಜಗಲಿಯಲ್ಲಿ ಕಾಲನ್ನು ಸ್ಟೂಲಿನ ಮೇಲಿಟ್ಟು ಬೀಡಿ ಕಟ್ಟುತ್ತಿದ್ದಳು. ಅಂಗಳ ಗುಡಿಸಿ ನೀರು ಚಿಮುಕಿಸಿತ್ತು. ಮೋಹಿನಿಯ ಕೊರಳಿನ ಐಡಿ ಕಾರ್ಡ್ ನೋಡಿದ್ದೇ, ಅವಳ ಕೈ ತಾನಾಗಿ ಕಾಲಿನ ಬಟ್ಟೆ ಬಿಚ್ಚತೊಡಗಿತು.

"ಕಾಲು ನೋಡ್ಲಿಕ್ಕಾ? ಬನ್ನಿ. ಫೋಟೊ ತೆಗಿಯುದಾದ್ರೆ ಈ ಕಡೆ ನಿಲ್ಲಿ, ಬೆಳಕು ಲಾಯ್ಕ ಬರ್ತದೆ."

ಬಟ್ಟೆ ಕೊನೆಯ ಸುತ್ತಿನಲ್ಲಿ ಅಂಟಿಕೊಂಡಿತ್ತು. ಅವಳು ತುಟಿ ಕಚ್ಚಿ ಎಳೆದಳು. ವಾಸನೆ ಬಂತು. ಹುಣ್ಣು ನಾಲ್ಕು ಸೆಂಟಿಮೀಟರ್ ಇರಲಿಲ್ಲ. ಅಂಗೈಯಷ್ಟಿತ್ತು. ಅಂಚು ಕಪ್ಪಾಗಿ ಗಟ್ಟಿಯಾಗಿತ್ತು. ಮೇಲಕ್ಕೆ ಮೊಣಕಾಲಿನವರೆಗೆ ರಕ್ತನಾಳಗಳು ಹಗ್ಗದಂತೆ ಉಬ್ಬಿ ತಿರುಚಿಕೊಂಡಿದ್ದವು. ಮೋಹಿನಿ ಫೋಟೊ ತೆಗೆಯಲಿಲ್ಲ. ನೆಲದ ಮೇಲೆ ಕುಳಿತಳು.

"ಮಾಮಿ, ಸ್ವಲ್ಪ ನೀರು ಕೊಡ್ತೀರಾ?"

ಕಾಲೇಜಿನಿಂದ ಬಂದವರು ಈ ಮನೆಯ ನೀರು ಕೇಳಿದ್ದು ಇದೇ ಮೊದಲು. ದಮಯಂತಿ ಅವಳನ್ನೇ ನೋಡಿದಳು. ಆಮೇಲೆ ನಕ್ಕಳು.

"ನಿಮ್ಮದು ಯಾವ ಕಾಲೊನಿ?"

"ಪುಂಜಾಲಕಟ್ಟೆ ಹತ್ತಿರ."

"ಹಾಗೆ ಹೇಳು ಮಾರಾಯ್ತಿ! ನಾನು ಸುಮ್ಮನೆ ಬಟ್ಟೆ ಬಿಚ್ಚಿದೆ."

ನೀರು ಬಂತು, ಬೆಲ್ಲವೂ ಬಂತು. ಅಷ್ಟರಲ್ಲಿ ಹುಕ್ರಪ್ಪ ಹೆಗಲಲ್ಲಿ ಹಗ್ಗ ಹಾಕಿಕೊಂಡು ಬಂದ. ಎದೆ, ತೋಳುಗಳ ಒಳಭಾಗ ಮರಕ್ಕೆ ಉಜ್ಜಿ ಉಜ್ಜಿ ಚರ್ಮ ತೊಗಲಿನ ಚೀಲದಂತಾಗಿತ್ತು. ಅವನು ಫೈಲನ್ನು ಕಂಡ.

"ಇಷ್ಟು ವರ್ಷದಿಂದ ಬರೀತಾರಲ್ಲ ಈ ಮಕ್ಕಳು. ಎಂತ ಬರೀತಾರೆ? ಒಮ್ಮೆ ಓದಿ ನೋಡುವ."

ಅವರ ವಿಷಯ ಅವರಿಗೆ ಓದುವುದರಲ್ಲಿ ತಪ್ಪೇನು ಎಂದುಕೊಂಡಳು ಮೋಹಿನಿ. ಇಂಗ್ಲಿಷನ್ನು ತುಳುವಿಗೆ ತಿರುಗಿಸುತ್ತ ಓದಿದಳು. ಗಂಡ ಮದ್ಯವ್ಯಸನಿ ಎಂಬಲ್ಲಿಗೆ ಬಂದಾಗ ಹುಕ್ರಪ್ಪ ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಗಂಡ ನಿಂತಿದ್ದಾನೋ ಎಂಬಂತೆ.

"ಯಾರು? ನಾನಾ?"

"ನೀವೇ."

"ಕುಡಿದು ತೆಂಗಿನ ಮರ ಹತ್ತಿದ್ರೆ ನಾನು ಇಷ್ಟೊತ್ತಿಗೆ ಗೋಡೆಯಲ್ಲಿ ಫೋಟೊ ಆಗಿರ್ತಿದ್ದೆ! ಮದುವೆ ಮನೆಯಲ್ಲೂ ಮುಟ್ಟಿದವ ಅಲ್ಲ ನಾನು. ಯಾರು ಕಂಡದ್ದು?"

ದಮಯಂತಿಗೆ ನಗು ತಡೆಯಲಾಗಲಿಲ್ಲ. ಬೀಡಿ ಎಲೆಗಳ ಗೆರಸೆ ಮಡಿಲಿನಿಂದ ಜಾರಿತು. "ಅಯ್ಯೋ ದೇವರೇ, ಕಾಲೇಜಲ್ಲಿ ನೀವು ದೊಡ್ಡ ಕುಡುಕ! ಮುಂದೆ ಓದು ಮಗಾ, ಮುಂದೆ ಓದು."

ಮೋಹಿನಿ ಮುಂದೆ ಓದಿದಳು. ವೈಯಕ್ತಿಕ ಸ್ವಚ್ಛತೆ ಕಳಪೆ.

ನಗು ನಿಂತಿತು.

"ಅಂದ್ರೆ?"

"ಗಲೀಜು ಅಂತ."

ದಮಯಂತಿ ಅಂಗಳ ನೋಡಿದಳು. ತಂತಿಯಲ್ಲಿ ಒಗೆದು ಹಾಕಿದ್ದ ಹುಣ್ಣಿನ ಬಟ್ಟೆಗಳನ್ನು ನೋಡಿದಳು. ಈ ಕಾಲಿನಲ್ಲಿ ಅವಳು ಕೆಳಗಿನ ನಳ್ಳಿಯಿಂದ ಕೊಡ ಹೊತ್ತು ಗುಡ್ಡೆ ಹತ್ತುತ್ತಾಳೆ. ಆ ನೀರಿನಲ್ಲಿ ಆ ಬಟ್ಟೆ ಕುದಿಸುತ್ತಾಳೆ.

"ಪೇಪರ್ ಹಾಸಿ ಕೂತುಕೊಳ್ತಾರೆ ಅವರು" ಎಂದಳು ನಿಧಾನವಾಗಿ. "ನಮ್ಮ ಜಗಲಿಯಲ್ಲಿ, ಪೇಪರ್ ಹಾಸಿ. ಬಟ್ಟೆ ಬಿಳಿ ಅಲ್ವಾ, ಮಣ್ಣಾಗ್ತದೆ ಅಂತ ನಾನೇ ಅಂದುಕೊಂಡಿದ್ದೆ."

ಹುಣ್ಣಿನ ಮೇಲೆ ಬಟ್ಟೆ ಸುತ್ತಿದಳು.

ಮರುದಿನ ಮೋಹಿನಿ ಒಂಬತ್ತೂ ಫೈಲುಗಳನ್ನು ಫೇಲು ಮಾಡಿದಳು. ಒಂಬತ್ತರ ಮೇಲೂ ಒಂದೇ ಮಾತು ಬರೆದಳು: ಮನೆಗೆ ಹೋಗಿ ನೋಡಿ ಬರೆಯಿರಿ.

ಮಧ್ಯಾಹ್ನದೊಳಗೆ ಕಾಲೇಜಿನಲ್ಲಿ ಗದ್ದಲವಾಯಿತು. ಎಲ್ಲರಿಗಿಂತ ಜೋರಾಗಿ ಜಗಳಕ್ಕೆ ಬಂದವಳು ಫರ್ಹಾನ. ಕ್ಲಾಸಿನಲ್ಲಿ ಯಾವತ್ತೂ ಮೊದಲಿಗೆ ಬರುವ ಹುಡುಗಿ.

"ಮೇಡಂ, ನಾನು ಜೀವನದಲ್ಲಿ ಫೇಲ್ ಆದದ್ದಿಲ್ಲ!"

"ಹುಕ್ರಪ್ಪ ಜೀವನದಲ್ಲಿ ಕುಡಿದದ್ದಿಲ್ಲ."

"ಸೀನಿಯರ್‌ಗಳ ಫೈಲಲ್ಲಿ ಹಾಗೆಯೇ ಉಂಟು. ಎಲ್ಲರೂ ಅದನ್ನೇ ನೋಡಿ ಬರೆಯುದು."

"ಗೊತ್ತುಂಟು. ಅದಕ್ಕೇ ಫೇಲ್."

ಫರ್ಹಾನ ತನ್ನ ಫೈಲು ಎತ್ತಿಕೊಂಡು ಹೋದಳು.

ಶಶಿಪ್ರಭಾ ಬಾಗಿಲು ಹಾಕಿಕೊಂಡು ಮಾತಾಡಿದರು.

"ಶುಕ್ರವಾರ ಮಾರ್ಕ್ಸ್ ಯೂನಿವರ್ಸಿಟಿಗೆ ಹೋಗ್ಬೇಕು. ತಿದ್ದಿ ಕೊಡಿ."

"ತಿದ್ದುವುದಿಲ್ಲ ಮೇಡಂ. ಅದರಲ್ಲಿ ಇರುವುದು ಸುಳ್ಳು."

"ನಿಮಗೆ ಬೇಜಾರಾಗುದು ಸಹಜ. ನಿಮ್ಮವರಲ್ವಾ. ಅದನ್ನು ಪರ್ಸನಲ್ ಆಗಿ ತಕೊಳ್ಬೇಡಿ. ಹೆಚ್ಚಾಗಿ ಕುಡಿಯುದೇ ಅಲ್ವಾ ಅವರು?"

"ಯಾರು?"

ಶಶಿಪ್ರಭಾ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

"ಯಾರು ಮೇಡಂ ಹೆಚ್ಚಾಗಿ ಕುಡಿಯುವುದು? ಹೆಸರು ಹೇಳಿ."

"ನೋಡಿ ಮೋಹಿನಿ, ನಿಮ್ಮನ್ನು ಇಲ್ಲಿಗೆ ತೆಗೆದುಕೊಂಡದ್ದೇ ದೊಡ್ಡ ಮಾತು. ಅದನ್ನು ನೆನಪಿಟ್ಟುಕೊಳ್ಳಿ."

"ರ್‍ಯಾಂಕ್ ಬಂದಿತ್ತು ಮೇಡಂ. ಅದನ್ನೂ ನೆನಪಿಟ್ಟುಕೊಂಡಿದ್ದೇನೆ."

ಮೋಹಿನಿ ಹೊರಗೆ ಬಂದಳು. ಶೌಚಾಲಯಕ್ಕೆ ಹೋಗಿ ನಳ್ಳಿ ಬಿಟ್ಟು ಅತ್ತಳು. ಮುಖ ತೊಳೆದು ಕ್ಲಾಸಿಗೆ ಹೋದಳು.

ಗುರುವಾರ ಕಾಲೇಜು ಬಸ್ಸು ಪಾಲೆಗುಡ್ಡೆಗೆ ಹೋಗುವ ದಿನ. ಈ ಸಲ ಶಶಿಪ್ರಭಾ ಮೇಡಂ ಕೂಡ ಹತ್ತಿದರು. ಹುಣ್ಣನ್ನು ತಾವೇ ನಿಂತು ಅಳೆಸಿ, ಅದೇ ದಿನ ಹೊಸ ಹಾಳೆ ಸೇರಿಸಿ, ವಿಷಯ ಮುಗಿಸುವ ಯೋಚನೆ ಅವರದ್ದು. ಮೋಹಿನಿ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು.

ದಮಯಂತಿ ಜಗಲಿಯಲ್ಲೇ ಇದ್ದಳು. ಸೀರೆಯ ಅಂಚನ್ನು ಪಾದದವರೆಗೂ ಎಳೆದು ಕಾಲು ಮುಚ್ಚಿಕೊಂಡಿದ್ದಳು. ಹುಡುಗಿಯರು ಬ್ಯಾಗಿನಿಂದ ಪೇಪರ್ ತೆಗೆದರು.

"ಪೇಪರ್ ಒಳಗಿಡಿ" ಎಂದಳು ದಮಯಂತಿ. "ಇವತ್ತು ಕಾಲು ಇಲ್ಲ."

ಹುಡುಗಿಯರು ಒಬ್ಬರನ್ನೊಬ್ಬರು ನೋಡಿದರು. ಶಶಿಪ್ರಭಾ ಮುಂದೆ ಬಂದರು.

"ಎಂತ ದಮಯಂತಿ, ತಮಾಷೆಯಾ? ನಮ್ಮ ಮಕ್ಕಳು ಕಲಿಯುದು ಬೇಡ್ವಾ?"

"ಕಲಿಯಲಿ ಅಕ್ಕ. ನಿಮ್ಮ ಮನೆಯಲ್ಲಿ ಯಾರಿಗೂ ಕಾಲಿಲ್ವಾ?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಶಶಿಪ್ರಭಾ ತಿರುಗಿ ನೋಡಿದರು. ಅಷ್ಟರಲ್ಲಿ ಹುಕ್ರಪ್ಪ ಒಳಗಿನಿಂದ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಸೀದಾ ಮೇಡಂ ಎದುರು ಹೋಗಿ ನಿಂತು ಬಾಯಿ ಅಗಲಿಸಿ ಉಸಿರು ಬಿಟ್ಟ.

"ಮೂಸಿ."

ಶಶಿಪ್ರಭಾ ಎರಡು ಹೆಜ್ಜೆ ಹಿಂದೆ ಸರಿದರು.

"ಹೆದರ್ಬೇಡಿ, ಬೆಳಿಗ್ಗೆ ಗಂಜಿ ಉಂಡದ್ದು, ಉಪ್ಪಿನಕಾಯಿ ವಾಸನೆ ಬರ್ಬಹುದು. ಮೂಸಿ. ಬರೆಯುವ ಮೊದಲು ಮೂಸ್ಬೇಕಿತ್ತಲ್ಲ?" ಅವನು ಸಾಲಾಗಿ ಹುಡುಗಿಯರ ಕಡೆ ತಿರುಗಿದ. "ನೀವು? ನೀವು? ಯಾರಿಗೂ ಬೇಡ್ವಾ? ಬಾಯಿಯ ಹತ್ತಿರ ಬರ್ಲಿಕ್ಕೆ ಹೇಸಿಗೆ ಆದ್ರೆ ಬಾಯಿಯ ವಿಷಯ ಯಾಕೆ ಬರೀತೀರಿ?"

ಪಕ್ಕದ ಮನೆಯ ಹೆಂಗಸೊಬ್ಬಳು ತನ್ನ ಬಾಗಿಲು ಎಳೆದುಕೊಂಡಳು. ಅದರಾಚೆಯವಳೂ ಎಳೆದುಕೊಂಡಳು. ಗುಡ್ಡೆಯ ಮೇಲಿನವರೆಗೆ ಬಾಗಿಲುಗಳು ಒಂದೊಂದಾಗಿ ಹಾಕಿಕೊಂಡವು. ಬಿ.ಪಿ. ನೋಡುವ ಯಂತ್ರ ಹಿಡಿದ ಹುಡುಗಿಯರು ದಾರಿಯಲ್ಲೇ ನಿಂತರು.

ಶಶಿಪ್ರಭಾರ ಮುಖದ ಬಣ್ಣ ಬದಲಾಯಿತು. ಇನ್ನೆರಡು ತಿಂಗಳಲ್ಲಿ ಕಾಲೇಜಿಗೆ ಇನ್ಸ್‌ಪೆಕ್ಷನ್. ಮಕ್ಕಳು ಕೆಲಸ ಕಲಿಯುವ ಹಳ್ಳಿ ಎಲ್ಲಿ, ಜನ ಯಾರು ಎಂದು ಬಂದವರು ಕೇಳುತ್ತಾರೆ. ಆಗ ತೋರಿಸಲಿಕ್ಕೆ ಇರುವುದು ಈ ಕಾಲೊನಿ ಒಂದೇ.

"ಈಗ ಎಂತ ಆಗ್ಬೇಕು ನಿಮಗೆ?" ದನಿ ತಗ್ಗಿತ್ತು.

"ಮೊದಲು ಕಾಲು ಸರಿ ಮಾಡಿ" ಎಂದಳು ದಮಯಂತಿ. "ಆಮೇಲೆ ಬರೆಯಿರಿ. ಬರೆದದ್ದನ್ನು ನನ್ನೆದುರು ಓದ್ಬೇಕು. ನಾನು ಹೌದು ಅಂದ್ರೆ ಮಾತ್ರ ಕೊಂಡುಹೋಗಿ."

ಶಶಿಪ್ರಭಾ ಬಸ್ಸು ಹತ್ತಿದರು. ಹುಡುಗಿಯರೂ, ಹಿಂದೆ ನಿಂತಿದ್ದ ಮೋಹಿನಿಯೂ ಹತ್ತಿದರು. ಫರ್ಹಾನ ಹತ್ತಲಿಲ್ಲ. ಡ್ರೈವರ್ ಹಾರ್ನ್ ಹೊಡೆದ. ಅವಳು ಜಗಲಿಗೆ ಹೋಗಿ ಬರಿ ನೆಲದಲ್ಲಿ ಕುಳಿತಳು.

"ಆಂಟಿ, ನನಗೆ ಈಗ ಫೇಲ್ ಆಗಿದೆ. ಇನ್ನು ಹೋಗ್ಲಿಕ್ಕೆ ಎಂತದೂ ಉಳಿದಿಲ್ಲ. ನಾಳೆ ಮಂಗಳೂರು ಸರಕಾರಿ ಆಸ್ಪತ್ರೆಗೆ ಹೋಗುವಾ?"

"ಕಾಲು ನೋಡದೆ?"

"ನಿಮಗೆ ತೋರಿಸ್ಬೇಕು ಅನಿಸಿದ್ರೆ ತೋರಿಸಿ."

ದಮಯಂತಿ ಸೀರೆಯ ಅಂಚನ್ನು ಮೇಲಕ್ಕೆ ಸರಿಸಿದಳು. ದೂರದಿಂದ ಫೋಟೊ ತೆಗೆದು ಹೋಗುತ್ತಿದ್ದ ಫರ್ಹಾನ ಹತ್ತಿರದಿಂದ ಕಂಡು ಕಣ್ಣು ಮುಚ್ಚಿದಳು. ಮತ್ತೆ ತೆರೆದು ಸರಿಯಾಗಿ ನೋಡಿದಳು. ಅವಳು ಬರೆದ ನಾಲ್ಕು ಸೆಂಟಿಮೀಟರ್ ಆ ಹುಣ್ಣಿನ ಒಂದು ಮೂಲೆಗೂ ಸಾಲುತ್ತಿರಲಿಲ್ಲ.

ಮಂಗಳೂರಿಗೆ ಕಾಲೇಜಿನ ಬಸ್ಸು ಸಿಗಲಿಲ್ಲ. ಲೈನ್ ಬಸ್ಸಿನಲ್ಲಿ ಹೋದರು. ದಮಯಂತಿ, ಹುಕ್ರಪ್ಪ, ಫರ್ಹಾನ. ಮೂಡುಬಿದಿರೆಯಲ್ಲಿ ಬಸ್ಸು ಬದಲಿಸುವಾಗ ನವ್ಯಾ ನಿಂತಿದ್ದಳು. "ನಾನೂ ಬರ್ತೇನೆ. ದೊಡ್ಡಪ್ಪನಿಗೆ ಹೇಳ್ಬೇಡಿ" ಎಂದಳು. ಇಡೀ ದಾರಿ ದಮಯಂತಿ ಕಿಟಕಿಯ ಹತ್ತಿರ ಕುಳಿತು ಪೇಟೆ ನೋಡಿದಳು. ನವ್ಯಾ ವಾಂತಿ ಮಾಡಿಕೊಂಡಳು. ಹುಕ್ರಪ್ಪ ಅವಳ ಬೆನ್ನು ತಟ್ಟಿದ.

ಕಾಲಿನ ರಕ್ತನಾಳಕ್ಕೆ ಆಪರೇಷನ್ ಆಯಿತು. ಡಾಕ್ಟರು, "ಇಷ್ಟು ವರ್ಷ ಯಾಕೆ ಬಂದಿಲ್ಲ?" ಎಂದು ಗದರಿದರು. ಹುಡುಗಿಯರು ನೆಲ ನೋಡಿದರು. ಮನೆಗೆ ಬಂದ ಮೇಲೆ ಪಾದದಿಂದ ಮೊಣಕಾಲಿನವರೆಗೆ ಬಿಗಿಯಾಗಿ ಪಟ್ಟಿ ಸುತ್ತುವ ಕೆಲಸ. ಸಡಿಲವಾದರೆ ಪ್ರಯೋಜನವಿಲ್ಲ, ಅತಿ ಬಿಗಿಯಾದರೆ ಅಪಾಯ. ಒಂಬತ್ತು ಮಂದಿಯೂ ಸರದಿ ಹಾಕಿಕೊಂಡು ಬಂದರು. ಬರದೆ ಬೇರೆ ದಾರಿಯಿರಲಿಲ್ಲ. ಮಾರ್ಕುಪಟ್ಟಿಗೆ ಮೋಹಿನಿ ಸಹಿ ಹಾಕಿರಲಿಲ್ಲ. ಶಶಿಪ್ರಭಾ ಯೂನಿವರ್ಸಿಟಿಯಿಂದ ಹೆಚ್ಚುವರಿ ದಿನ ಕೇಳಿಕೊಂಡಿದ್ದರು. ಹುಡುಗಿಯರು ಮೊದಮೊದಲು ಮೂಗು ಮುಚ್ಚಿಕೊಂಡು ಸುತ್ತಿದರು. ಬೆನ್ನು ಬಾಗಿಸಿ, ಆ ಪಾದವನ್ನು ಮಡಿಲಲ್ಲಿಟ್ಟುಕೊಂಡು ಸುತ್ತಿ ಸುತ್ತಿ, ಒಂದು ದಿನ ಮೂಗು ಮುಚ್ಚಿಕೊಳ್ಳುವುದು ಮರೆತುಹೋಯಿತು. "ಬಿಗಿ ಮಾರಾಯ್ತಿ, ಬಿಗಿ! ಕಾಲಾ ಇದು, ಗೋಣಿಚೀಲವಾ?" ಎಂದು ದಮಯಂತಿ ಬೈಯುತ್ತಿದ್ದಳು. ಆ ಜಗಲಿಯಲ್ಲಿ ಚಹಾ ಕುಡಿದು ಗ್ಲಾಸು ಯಾರು ತೊಳೆಯುವುದೆಂದು ಜಗಳವೂ ಆಯಿತು. ಹುಣ್ಣು ಅಂಚಿನಿಂದ ಗುಲಾಬಿ ಬಣ್ಣಕ್ಕೆ ತಿರುಗಿ ಒಳಕ್ಕೆ ಸರಿಯತೊಡಗಿತು.

ಇಷ್ಟಾದ ಮೇಲೆ ಫರ್ಹಾನ ಹೊಸದಾಗಿ ಬರೆದು ತಂದು ಓದಿದಳು. ಮೋಹಿನಿಯೂ ಇದ್ದಳು. ರೋಗಿ ಬೀಡಿ ಕಾರ್ಮಿಕೆ ಎಂಬಲ್ಲಿ ದಮಯಂತಿ ಕೈ ಎತ್ತಿ ನಿಲ್ಲಿಸಿದಳು.

"ಬೀಡಿಯಿಂದ ಕಾಲು ಹೋದದ್ದಾ? ಕಲ್ಲು ಹೊತ್ತದ್ದು ಬರೆಯಲಿಲ್ವಾ?"

"ಯಾವ ಕಲ್ಲು ಆಂಟಿ?"

"ಕೆಂಪುಕಲ್ಲು. ಮದುವೆಯಾಗಿ ಬಂದಲ್ಲಿಂದ ಕಲ್ಲು ಕಡಿಯುವ ಕೋರೆಯಲ್ಲಿ ದುಡಿದದ್ದು. ಬೆಳಿಗ್ಗಿನಿಂದ ನಿಂತೇ ಇರ್ಬೇಕು. ತಲೆಯ ಮೇಲೆ ಕಲ್ಲು, ಹಲಗೆ ಹತ್ತಿ ಲಾರಿಗೆ ತುಂಬಿಸುದು. ಕೂತರೆ ಬೈಗುಳ. ಒಂದು ದಿನ ಕಲ್ಲು ಜಾರಿ ಹರಡಿನ ಮೇಲೆ ಬಿತ್ತು. ರಕ್ತ ಚಪ್ಪಲಿ ತುಂಬಿತು. ಲಾರಿ ತುಂಬಿಸಿಯೇ ಹೋಗು ಅಂದ್ರು. ತುಂಬಿಸಿದೆ. ಮರುದಿನದಿಂದ ಬರ್ಬೇಡ ಅಂದ್ರು. ಆ ಗಾಯವೇ ಇದು."

ಫರ್ಹಾನಳ ಪೆನ್ನು ಓಡುತ್ತಿತ್ತು. "ಯಾರ ಕೋರೆ?"

"ಯಾರದ್ದು ಅಂದ್ರೆ? ಕಮಲಾಕ್ಷ ಧಣಿಗಳದ್ದು. ನಿಮ್ಮ ಕಾಲೇಜಿನವರು."

ನವ್ಯಾ ಪಟ್ಟಿ ಸುತ್ತುತ್ತಿದ್ದಳು. ಅವಳ ಕೈ ನಿಂತಿತು. ದಮಯಂತಿ ಬಗ್ಗಿ ಅವಳ ಮುಖ ನೋಡಿದಳು.

"ನೀನು ಸುತ್ತು ಮಗಾ. ನಿನ್ನ ಕೈಯಲ್ಲಿ ಪಟ್ಟಿ ಸರಿ ಕೂತುಕೊಳ್ತದೆ."

ಫರ್ಹಾನ ಬರೆದಳು. ನವ್ಯಾಳೂ ತನ್ನ ಫೈಲಿನಲ್ಲಿ ಬರೆದಳು. ಮೋಹಿನಿ ಇಬ್ಬರಿಗೂ ತೊಂಬತ್ತರ ಮೇಲೆ ಹಾಕಿದಳು. ಉಳಿದವರಿಗೆ ಅವರವರು ಕಂಡಷ್ಟು, ಮಾಡಿದಷ್ಟು. ಇಬ್ಬರು ಅಂಚಿನಲ್ಲಿ ಪಾಸಾದರು. ಒಬ್ಬಳು ಮತ್ತೆ ಫೇಲಾದಳು. ಅವಳು ಮತ್ತೆ ನೋಡದೆ ಬರೆದಿದ್ದಳು.

ಕಮಲಾಕ್ಷರಿಗೆ ಫೈಲು ತೋರಿಸಿದವರು ಶಶಿಪ್ರಭಾ. ಸೋಮವಾರ ಬೆಳಿಗ್ಗೆ ಮೋಹಿನಿಗೆ ಆಫೀಸಿನಿಂದ ಕರೆ ಬಂತು. ಕಮಲಾಕ್ಷ ಕುರ್ಚಿ ತೋರಿಸಲಿಲ್ಲ. ಅವಳೇ ಎಳೆದು ಕುಳಿತಳು.

"ಕೋರೆಯ ವಿಷಯ ತೆಗೆಯಿರಿ. ಎರಡೂ ಫೈಲಿನಿಂದ."

"ಅದು ಕಾಯಿಲೆಯ ಕಾರಣ ಸರ್. ಕಾರಣ ತೆಗೆದರೆ ಕೇಸ್ ಸ್ಟಡಿ ಆಗುವುದಿಲ್ಲ."

"ಇನ್ಸ್‌ಪೆಕ್ಷನಿಗೆ ಬರುವವರು ಓದ್ತಾರೆ."

"ಓದಲಿ ಅಂತಲೇ ಬರೆದದ್ದು."

ಕಮಲಾಕ್ಷ ಮೇಜಿನ ಮೇಲಿನ ಹಾಳೆಯೊಂದನ್ನು ಅವಳ ಕಡೆ ದೂಡಿದರು. ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿ ಅಚ್ಚಾಗಿತ್ತು. ಸಹಿಗೆ ಜಾಗ ಬಿಟ್ಟಿತ್ತು.

"ಮರ್ಯಾದೆಯಿಂದ ಹೋಗಿ. ಮುಂದೆ ಬೇರೆ ಕಡೆ ಕೆಲಸ ಸಿಗ್ತದೆ."

ಮೋಹಿನಿ ಹಾಳೆ ಓದಿದಳು. ಹಿಂದಕ್ಕೆ ದೂಡಿದಳು.

"ನನಗೆ ಆ ಇಚ್ಛೆ ಇಲ್ಲ ಸರ್. ನೀವು ತೆಗೆಯುವುದಾದರೆ ತೆಗೆದೆವು ಅಂತ ಬರೆಯಿರಿ. ಕಾರಣವನ್ನೂ ಬರೆಯಿರಿ. ಕಾಯ್ತೇನೆ."

ಕಮಲಾಕ್ಷ ಕ್ಲರ್ಕ್ ಲತೇಶನನ್ನು ಕೂಗಿದರು. ಲತೇಶ ಬಂದು ಮೂಲೆಯ ಕಂಪ್ಯೂಟರ್ ಮುಂದೆ ಕುಳಿತ. ಚಟಚಟನೆ ಟೈಪು ಮಾಡಿದ. ವಿಷಯ: ಸೇವೆಯಿಂದ ವಜಾ. ಮಾನ್ಯರೇ, ಈ ಮೂಲಕ ತಿಳಿಸುವುದೇನೆಂದರೆ. ಅಲ್ಲಿ ಕೈ ನಿಂತಿತು.

"ಸರ್, ಕಾರಣ ಎಂತ ಹಾಕುದು?"

ಕಮಲಾಕ್ಷ ತಲೆಯೆತ್ತಿ ಫ್ಯಾನ್ ನೋಡಿದರು. ಫ್ಯಾನ್ ತಿರುಗುತ್ತಿತ್ತು.

"ಕೆಲಸ ಸರಿಯಿಲ್ಲ ಅಂತ ಹಾಕು."

"ಯಾವ ಕೆಲಸ ಅಂತ ಕೇಳ್ತಾರೆ ಸರ್" ಎಂದ ಲತೇಶ, ಬಹಳ ವಿನಯದಿಂದ. "ಮಾರ್ಕ್ ಹಾಕಿದ್ದು ಅಂತ ಹಾಕುದಾ? ಹಾಗಾದ್ರೆ ಎಂತಕ್ಕೆ ಹಾಕಿದ್ದು ಅಂತಲೂ ಬರೀಬೇಕಾಗ್ತದೆ. ಆಗ ಕೋರೆ ಬರ್ತದೆ."

ಕಿಟಕಿಯಾಚೆ ಗಂಟೆ ಬಾರಿಸಿತು. ಮೋಹಿನಿ ಎದ್ದು ಸೀರೆ ಸರಿಮಾಡಿಕೊಂಡಳು.

"ನನಗೆ ಕ್ಲಾಸ್ ಉಂಟು ಸರ್. ಕಾರಣ ಸಿಕ್ಕಿದ ಮೇಲೆ ಕರೆಯಿರಿ."

ಮೆಟ್ಟಿಲು ಹತ್ತಿ ಹೋದಳು. ಕ್ಲಾಸಿನಲ್ಲಿ ಒಂಬತ್ತು ಮಂದಿ ಎದ್ದು ನಿಂತರು. ಅವಳು ಹಾಜರಿ ಕರೆದಳು, ಬೋರ್ಡು ಒರೆಸಿದಳು, ಪಾಠ ಶುರು ಮಾಡಿದಳು. ಸಂಜೆಯವರೆಗೂ ಯಾರೂ ಕರೆಯಲಿಲ್ಲ.